ಬದುಕಿದ್ದವರ ಬಾಗಿಲಲ್ಲಿ ಮೌಲಾಬಿ

ಬೆಳಗಿನ ನಮಾಜು ಮುಗಿದು, ಕಲಬುರಗಿಯ ಮೋಮಿನಪುರದ ಹೋಟೆಲುಗಳಲ್ಲಿ ಚಹಾ ಕುದಿಯುವ ಹೊತ್ತು. ಒಂದು ಮನೆಯ ಅಂಗಳಕ್ಕೆ ಚಾದರಗಳ ಮರೆ ಕಟ್ಟಿದ್ದಾರೆ. ಒಳಗೆ ನೀರು ಸುರಿಯುವ ಸದ್ದು, ನಡುವೆ ಒಂದು ಮೆಲುದನಿ.

"ತುಸು ಈ ಕಡಿ ಹೊರಳವ್ವ. ನೀರು ಬೆಚ್ಚಗ ಅದ, ಅಂಜಬ್ಯಾಡ."

ಅಲ್ಲಿ ಮಲಗಿರುವ ಖಾತೂನಬಿ ತೀರಿಕೊಂಡು ಕೆಲವು ತಾಸಾಗಿದೆ. ಮಾತಾಡಿಸುತ್ತಿರುವವರು ಮೌಲಾಬಿ. ತೀರಿಕೊಂಡ ಮುಸ್ಲಿಂ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವುದು ಅವರ ಕೆಲಸ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಮರೆಯ ಹೊರಗೆ ಕೂತಿದ್ದೇನೆ.

ಹುಟ್ಟಿದ್ದು ಕಮಲಾಪುರದಲ್ಲಿ, ಮದುವೆಯಾಗಿ ಬಂದದ್ದು ಕಲಬುರಗಿಗೆ. ಕೆಲಸ ಅತ್ತೆಯಿಂದ ಬಂತು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಾಗಲಿಲ್ಲ. ವಾರಕ್ಕೆ ಎರಡು ಮೂರು ಮನೆಗಳಿಂದ ಕರೆ ಬರುತ್ತದೆ. ಸತ್ತಾಗ ಬೇಕಾಗುವ ಈ ಜೀವ ಉಳಿದ ದಿನ ಯಾರಿಗೂ ಬೇಡ. ಮದುವೆಗೆ ಕರೆಯುವುದಿಲ್ಲ, ಎದುರು ಬಂದರೆ ಬಸುರಿಯರು ಪಕ್ಕಕ್ಕೆ ಸರಿಯುತ್ತಾರೆ. ಧರ್ಮ ಇದನ್ನು ಪುಣ್ಯದ ಕೆಲಸ ಎನ್ನುತ್ತದೆ. ಓಣಿಗೆ ಅದು ಕೇಳಿಸಿದಂತಿಲ್ಲ.

"ಕಮಲಾಪುರದಾಗ ತಮ್ಮನ ಮನೀಗಿ ಹೋದ್ರೂ ಹಂಗ ರೀ. ಓಣ್ಯಾಗ ನನ್ನ ನೋಡಿದ ಕೂಡ್ಲೆ, ಯಾರು ಹೋದ್ರು ಅಂತ ಕೇಳ್ತಾರ."

ಚುನಾವಣೆ ಬಂದಾಗ ಮಾತ್ರ ಮೌಲಾಬಿ ಕರೆಯದೆಯೂ ಮನೆಮನೆಗೆ ಹೋಗುತ್ತಾರೆ. ಯಾವ ಪಕ್ಷದವರೂ ಕಳಿಸಿದ್ದಲ್ಲ. ವೋಟಿನ ಶಾಯಿ ಉಗುರಿನ ಮೇಲಿದ್ದರೆ ನೀರು ತಾಗುವುದಿಲ್ಲ, ನಮಾಜಿಗೆ ಮುಂಚೆ ಕೈಕಾಲು ತೊಳೆದದ್ದು ಲೆಕ್ಕಕ್ಕಿಲ್ಲ ಎಂದು ನಂಬಿ ಮತಗಟ್ಟೆಗೆ ಹೋಗದ ಕೆಲವು ಮುದುಕಿಯರು ಈ ಓಣಿಗಳಲ್ಲಿದ್ದಾರೆ. ಶಾಯಿ ಬರೀ ಬಣ್ಣ, ನೀರು ತಡೆಯುವುದಿಲ್ಲ ಎಂದು ಇಮಾಮರು ಹೇಳಿ ಹೇಳಿ ಸಾಕಾಗಿದ್ದಾರೆ. ಮುದುಕಿಯರು ಕೇಳಬೇಕಲ್ಲ.

"ನಾ ಬಾಗಿಲಾಗ ನಿಂತು ಹೇಳ್ತೀನಿ ರೀ. ಶಾಯಿ ಇದ್ದ ಬೆರಳು ಎಷ್ಟೋ ತೊಳದೀನಿ, ನೀರು ಎಲ್ಲೂ ತಡದಿಲ್ಲ. ಸೇಠ್ ಮನಿ ಬೇಗಂಗೂ ಹೆಣಕ್ಕ ಸುತ್ತೋ ಕಫನ್ ಬಟ್ಟಿ ಐದು ತುಂಡು, ಭಾಂಡಿ ತಿಕ್ಕಾಕಿಗೂ ಐದು. ವೋಟು ಇಬ್ಬರಿಗೂ ಒಂದ. ಸತ್ತ ಮ್ಯಾಲೆ ಸಿಗೋದು ಹ್ಯಾಂಗೂ ಸಿಗ್ತದ, ಇದ್ದಾಗ ಸಿಗೋದು ಯಾಕ ಬಿಡ್ತೀರಿ ಅಂತೀನಿ."

ಹಲವು ಬಾಗಿಲು ತೆರೆಯುವುದೇ ಇಲ್ಲ. ಹೋದ ತಿಂಗಳ ಚುನಾವಣೆಯಲ್ಲಿ ಖಾತೂನಬಿ ತೆರೆದರು. ಒಳಗೆ ಕರೆದು, ಪಕ್ಕದಲ್ಲೇ ಕೂಡಿಸಿಕೊಂಡು ಚಹಾ ಕೊಟ್ಟರು. ಇಬ್ಬರೂ ಕೈ ಹಿಡಿದುಕೊಂಡು ಮತಗಟ್ಟೆಗೆ ಹೋದರು. ಎಂಬತ್ತರ ಹತ್ತಿರದ ಆ ಹೆಂಗಸಿನ ಮೊದಲ ವೋಟು ಅದು. ಆಮೇಲೆ ಆಗಾಗ ಹೇಳಿಕಳಿಸುತ್ತಿದ್ದರು, ಬರೀ ಚಹಾಕ್ಕೆ.

ಕೆಲಸ ಮುಗಿಸಿ ಮೌಲಾಬಿ ಹೊರಗೆ ಬರುತ್ತಾರೆ. ಬೆರಳುಗಳು ನೀರಿಗೆ ಸುಕ್ಕಾಗಿವೆ. ಒಳಗೆ ಖಾತೂನಬಿಯ ಸೊಸೆ ಅಂಜಿ, ನಿಂಬೆಹೋಳು ತಂದು ಅತ್ತೆಯ ಉಗುರಿನ ಮೇಲೆ ಉಳಿದ ಶಾಯಿ ತಿಕ್ಕಿಬಿಡಿ ಎಂದಳಂತೆ.

"ಬ್ಯಾಡ ಅಂದೆ. ನೀರು ಮುಟ್ಟ್ಯದ. ನನ್ನ ಮಾತು ನಂಬಿ ಹಚ್ಚಿಸ್ಕೊಂಡಾಳ, ಹಂಗ ಹೋಗ್ಲಿ. ಮ್ಯಾಲೆ ಕೇಳಿದ್ರ ನಾ ಜವಾಬು ಕೊಡ್ತೀನಿ."

ನೆರೆಮನೆಯಿಂದ ಚಹಾ ಬರುತ್ತದೆ. ಎಲ್ಲರಿಗೂ ಕೈಗೆ ಕೊಡುತ್ತಾರೆ. ಮೌಲಾಬಿಯ ಕಪ್ಪನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ. ಕಪ್ಪು ಎತ್ತಿಕೊಂಡು, ಖಾತೂನಬಿಯ ಬಾಗಿಲ ಕಡೆ ಒಮ್ಮೆ ನೋಡುತ್ತಾರೆ.

"ಮುಂದಿನ ಇಲೆಕ್ಷನ್ ಯಾವಾಗ ಅದ ರೀ? ದಿಲ್ಲೀದಾಗ್ಲಿ, ಪಂಚಾಯ್ತಿದಾಗ್ಲಿ, ಲಗೂ ಬಂದ್ರ ಛಲೋ. ಜೀವಂತ ಇದ್ದವರ ಬಾಗಿಲಿಗೆ ಹೋಗ್ಲಾಕ ನನಗ ಅದೊಂದ ನೆಪ."