ಅರ್ಧ ಗಡ್ಡದ ಅಳಿಯ

ಕಳೆದ ತಿಂಗಳು ಒಂದು ಬುಧವಾರ, ನಾನು ಅರ್ಧ ಗಡ್ಡ ಬೋಳಿಸಿಕೊಂಡು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಗದಗಿನಿಂದ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ನಗಬೇಡಿ. ಕಾರಣ ಇದೆ.

ನನ್ನ ಹೆಂಡತಿ ಸುಧಾ ಚೊಚ್ಚಲ ಹೆರಿಗೆಗೆಂದು ಲಕ್ಷ್ಮೇಶ್ವರದ ತವರಿಗೆ ಹೋಗಿದ್ದಳು. (ಈ ಅಂಕಣದಲ್ಲಿ ಆಗಲೇ ಎರಡು ಸಲ ಕೊಚ್ಚಿಕೊಂಡಿದ್ದೇನೆ, ನಿಮಗೆ ನೆನಪಿರಬಹುದು.) ನಮ್ಮ ಮನೆತನಗಳಲ್ಲಿ ಒಂದು ಪದ್ಧತಿ. ಹೆಂಡತಿಗೆ ಐದು ತಿಂಗಳು ತುಂಬಿತೆಂದರೆ ಗಂಡ ಕತ್ತಿಗೆ ಮುಖ ಕೊಡುವಂತಿಲ್ಲ. ಕೂಸು ಹುಟ್ಟುವತನಕ ಗಡ್ಡ ಬೆಳೆಯುತ್ತಿರಬೇಕು. ಯಾಕೆ ಎಂದು ಕೇಳಿದರೆ ನಮ್ಮಪ್ಪ, "ನಾನೂ ಬಿಟ್ಟಿದ್ದೆ" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಬಿಟ್ಟೆ. ಬೆಟಗೇರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು ಹುಡುಗರು ನಾಲ್ಕು ತಿಂಗಳು "ಸ್ವಾಮಿಗೋಳು" ಎಂದು ಕರೆದರು. (ಎದುರಿಗಲ್ಲ. ಸ್ಟಾಫ್ ರೂಮಿನ ಕಿಟಕಿಯ ಕೆಳಗೆ.)

ಒಂದು ಶನಿವಾರ ಟೆಲಿಗ್ರಾಂ ಬಂತು. ಹೆಣ್ಣು ಕೂಸು, ಇಬ್ಬರೂ ಆರಾಮ. ನಾನು ಕೂಡಲೇ ಓಡಬೇಕಿತ್ತು. ಆದರೆ ಪರೀಕ್ಷೆಯ ಡ್ಯೂಟಿ! ರಜೆ ಸಿಕ್ಕಿದ್ದು ಹನ್ನೆರಡನೆಯ ದಿನಕ್ಕೆ, ಹೆಸರಿಡುವ ದಿನಕ್ಕೆ. ಅಂದು ಅಪ್ಪನಾದವನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯಲ್ಲಿ ಹೆಸರು ಹೇಳಬೇಕು. ಮಗಳನ್ನು ನಾನಿನ್ನೂ ನೋಡಿಯೇ ಇರಲಿಲ್ಲ.

ಈ ಗಡ್ಡವನ್ನು ಆ ಎಳೆ ಕೆನ್ನೆಗೆ ತಾಗಿಸುವುದು ಹೇಗೆ? ತೆಗೆಸೋಣವೆಂದರೆ ಹೆರಿಗೆಯ ಮೈಲಿಗೆ, ಹತ್ತು ದಿನದ ಪುರುಡು ಕಳೆಯುವತನಕ ಕ್ಷೌರವಿಲ್ಲ. ಪುರುಡು ಕಳೆದ ಮರುದಿನ ಮಂಗಳವಾರ. ಅಂದು ಕಟಿಂಗ್ ಅಂಗಡಿ ತೆಗೆಯುವುದಿಲ್ಲ, ತೆಗೆದರೂ ನಾವು ಹೋಗುವುದಿಲ್ಲ. ಬುಧವಾರ ಅಂಗಡಿ ತೆಗೆಯುವ ಮೊದಲೇ ನನ್ನ ಬಸ್ಸು. ಅಂದಮೇಲೆ ನನ್ನ ಗಡ್ಡಕ್ಕೆ ನಾನೇ ಗತಿ.

ಮಂಗಳವಾರ ಸಂಜೆ ಗದಗಿನ ಒಂದು ಫ್ಯಾನ್ಸಿ ಸ್ಟೋರ್ ಹೊಕ್ಕೆ. ಅಂಗಡಿಯವನು ನನ್ನ ಗಡ್ಡ ನೋಡಿದ, ಒಳಗಿನಿಂದ ನೀಲಿ ಬಾಟಲಿ ತಂದ.

"ಸರ, ಫಾರಿನ್ ಮಾಲು. ಮುಂಬೈದಿಂದ ಬಂದೈತಿ. ಪ್ರಿ-ಶೇವ್ ಅಂತಾರ ಇದಕ್ಕ. ಶೇವ್ ಮಾಡೋಕಿಂತ ಮದ್ಲ ಹಚ್ಚಿದ್ರ ಸಾಕು, ಗಲ್ಲ ಬೆಣ್ಣಿ ಆಕ್ಕೈತಿ ನೋಡ್ರಿ!"

ಬೆಣ್ಣೆ ಎಂದ ಮೇಲೆ ಮುಗಿಯಿತು. ಕೊಂಡೆ.

ಬುಧವಾರ ಮುಂಜಾನೆ ಸುಧಾಳ ಹೊಲಿಗೆಯ ಕತ್ತರಿಯಿಂದ ಗಡ್ಡವನ್ನು ಮೋಟು ಮಾಡಿದೆ. ಸ್ಟೋವ್ ಹೊತ್ತಿಸಿ ನೀರು ಕಾಯಿಸಲು ಆಲಸ್ಯ. ಫಾರಿನ್ ಬಾಟಲಿ ಇರುವಾಗ ಬಿಸಿನೀರು ಯಾರಿಗೆ ಬೇಕು? ಬಲಗೆನ್ನೆಗೆ ಲೋಷನ್ ಬಳಿದೆ. ತಣ್ಣಗೆ, ಘಮಘಮ. ಮೇಲೆ ಒಂದಿಷ್ಟು ಸೋಪು ಸವರಿ ಬ್ಲೇಡ್ ಎಳೆದೆ.

ಅಯ್ಯಯ್ಯಪ್ಪ! ಮೆತ್ತಗಾಗಬೇಕಿದ್ದ ಕೂದಲು ಸೆಟೆದು ನಿಂತಿತ್ತು. ಬ್ಲೇಡು ಅದನ್ನು ಕೊಯ್ಯಲಿಲ್ಲ, ಕಿತ್ತಿತು. ಛಲ ಬಿಡದೆ ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಖಾರ ಅರೆದು ಹಚ್ಚಿದಂತೆ ಉರಿ. ಆಗ ಚಷ್ಮಾ ಹಾಕಿಕೊಂಡು ಬಾಟಲಿಯ ಸಣ್ಣ ಅಕ್ಷರ ಓದಿದೆ. ಅದು ಕರೆಂಟಿನ ಮಶೀನಿನಿಂದ ಶೇವ್ ಮಾಡಿಕೊಳ್ಳುವವರಿಗಂತೆ. ಗಡ್ಡವನ್ನು ಒಣಗಿಸಿ ನಿಲ್ಲಿಸುವುದೇ ಅದರ ಕೆಲಸವಂತೆ! "ಪ್ರಶ್ನೆ ಪೂರ್ತಿ ಓದ್ರಲೇ, ಆಮ್ಯಾಲೆ ಬರೀರಿ" ಎಂದು ದಿನಾ ಹುಡುಗರ ಮೇಲೆ ಕೂಗಾಡುವ ಮಾಸ್ತರ ನಾನು.

ಎಡಗೆನ್ನೆಯನ್ನು ಮುಟ್ಟುವ ಧೈರ್ಯವಾಗಲಿಲ್ಲ. ಬಸ್ಸಿಗೆ ಹೊತ್ತೂ ಆಗಿತ್ತು. ಟವೆಲ್ ಸುತ್ತಿದೆ, ಓಡಿದೆ.

ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಮರುಗಿದಳು. "ಹಲ್ಲ ಬ್ಯಾನಿ ಏನ್ರಿ ಅಣ್ಣಾರ? ಲವಂಗ ಇಟಗೋರಿ." ಶಿರಹಟ್ಟಿ ಬರುವಷ್ಟರಲ್ಲಿ ಟವೆಲಿನೊಳಗೆ ಕೈಯಾಡಿಸಿದೆ. ಕೆನ್ನೆಯ ತುಂಬ ಗುಳ್ಳೆ!

ಮಾವನ ಮನೆಯ ಬಾಗಿಲಲ್ಲೇ ಸುಧಾಳ ಅಜ್ಜಿ ನಿಂತಿದ್ದರು. ಆ ಮನೆಯಲ್ಲಿ ಅವರು ಹೇಳಿದ್ದೇ ಕಾಯಿದೆ. ನಾನು ಟವೆಲ್ ಸರಿಸಿದೆ. ಅವರು ಕೈ ಅಡ್ಡ ಹಿಡಿದರು.

"ಅಲ್ಲೇ ನಿಲ್ರಿ ಅಳಿಯಂದ್ರ! ಮಾರಿಗೆ ಏನಾಗೇದ?"

"ಏನಿಲ್ಲ ಅಜ್ಜಿ, ಬ್ಲೇಡು..."

"ಬ್ಲೇಡಿಗೆ ಹಿಂಗ ಗುಳ್ಳಿ ಏಳ್ತಾವೇನು? ಇದು ಅಮ್ಮ. ಒಳಗ ಹನ್ನೆರಡು ದಿನದ ಕೂಸು ಅದ. ಹೊಸ್ತಿಲಾ ದಾಟಬ್ಯಾಡ್ರಿ."

(ಸಿಡುಬು ಎಂದು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ, ಅಮ್ಮ ಎನ್ನಬೇಕು.) ಅಜ್ಜಿ ತೀರ್ಪನ್ನೂ ಕೊಟ್ಟುಬಿಟ್ಟರು. "ಕೂಸಿನ್ನ ಅದರ ಅಜ್ಜನ ತೊಡಿ ಮ್ಯಾಲೆ ಕೂಡಸ್ತೀವಿ. ಹೆಸರು ಅವರ ಹೇಳ್ತಾರ. ನೀವು ಕಟ್ಟಿ ಮ್ಯಾಲಿಂದನ ಅಕ್ಷತಿ ಹಾಕ್ರಿ."

ನನ್ನ ಮಗಳಿಗೆ ನಾನು ದೂರದಿಂದ ಅಕ್ಷತೆ ಹಾಕುವುದೆ? ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಆ ದನಿಯನ್ನು ನಾನು ಕೇಳಿದ್ದು ಅದೇ ಮೊದಲ ಸಲ. ಕಟ್ಟೆಯ ಮೇಲೆ ಕುಳಿತೆ, ಕಣ್ಣು ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ? ಕಿಟಕಿಗೆ ಬಂದ ಸುಧಾ, "ಏನ್ರೀ ಇದು ಅವತಾರ?" ಎಂದು ನಕ್ಕಳು. ಆಮೇಲೆ ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಗಳದ ಬೇವಿನ ಕೆಳಗೆ ಹಡಪದ ಫಕೀರಪ್ಪ ಮಾವನವರ ಕ್ಷೌರ ಮುಗಿಸಿ ಕತ್ತಿ ಒರೆಸುತ್ತಿದ್ದ. ಆ ಮನೆಯ ಗಂಡಸರ ಗಡ್ಡವೆಲ್ಲ ಅವನ ಸುಪರ್ದಿಯಲ್ಲೇ. ಎದ್ದು ಬಂದು ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

"ಅಜ್ಜಿಯಾರ, ಇದು ಅಮ್ಮ ಅಲ್ರಿ. ಬ್ಲೇಡ್ ಎಲ್ಲಿತನ ಹೋಗೇತಿ, ಗುಳ್ಳಿನೂ ಅಲ್ಲಿತನ ಅದಾವು. ಗೆರಿ ಹೊಡದಂಗ ನಿಂತಾವ ನೋಡ್ರಿ."

"ಖರೆ ಅನ್ನೋದಕ್ಕ ಏನು ಗುರುತು?"

"ಈ ಎಡಗಲ್ಲ ನನಗ ಬಿಡ್ರಿ. ಗುಳ್ಳಿ ಎದ್ರ ಅಮ್ಮ. ಏಳಲಿಲ್ಲಂದ್ರ ಮಾಸ್ತರ ತಪ್ಪು."

ಅಜ್ಜಿ ಒಪ್ಪಿದರು. ನನ್ನ ಎಡಗೆನ್ನೆಯ ಮೇಲೆ ನನ್ನ ಅಪ್ಪತನವೇ ನಿಂತಿತ್ತು ನೋಡಿ.

ಫಕೀರಪ್ಪ ಬಚ್ಚಲ ಹಂಡೆಯಿಂದ ಬಿಸಿನೀರು ತರಿಸಿದ. ಪಂಚೆಯ ತುಂಡನ್ನು ಅದ್ದಿ, ಹಿಂಡಿ, ಕೆನ್ನೆಗೆ ಒತ್ತಿ ಹಿಡಿದ. ಆರಿದರೆ ಮತ್ತೆ ಅದ್ದಿದ. ಮತ್ತೆ ಹಿಡಿದ. ನನಗೆ ಮುಹೂರ್ತದ ಚಿಂತೆ. "ಜಲ್ದಿ ಮಾಡಪ್ಪಾ" ಅಂದೆ.

"ಗಡ್ಡಕ್ಕ ಮದ್ಲ ನೀರು ಕುಡಸಬೇಕ್ರಿ ಮಾಸ್ತರ. ನೀವು ಒಣಾ ಜ್ವಾಳದ ದಂಟು ಕೊಯ್ದಂಗ ಕೊಯ್ದೀರಿ. ಸುಮ್ನ ಕುಂಡ್ರಿ."

ಕುಳಿತೆ. ಆಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ. ಆಮೇಲೆ ಸೋಪಿನ ನೊರೆ, ಬ್ರಶ್ಶಿನಿಂದ ಸುತ್ತಿ ಸುತ್ತಿ ತಿಕ್ಕಿದ. ಮತ್ತೊಂದಿಷ್ಟು ಹೊತ್ತು ಕಾದ. ಕತ್ತಿ ಯಾವಾಗ ಬಂತು, ಯಾವಾಗ ಹೋಯಿತು, ನನಗೆ ಗೊತ್ತಾಗಲಿಲ್ಲ.

ಅಜ್ಜಿ ನನ್ನನ್ನು ಬಿಸಿಲಿಗೆ ಕೂರಿಸಿದರು. ಹತ್ತು ನಿಮಿಷ, ಕಾಲು ಗಂಟೆ. ಒಂದು ಗುಳ್ಳೆಯೂ ಏಳಲಿಲ್ಲ. ಹತ್ತಿರ ಬಂದು ಕೈಯ ಹಿಂಭಾಗದಿಂದ ಎಡಗೆನ್ನೆ ಸವರಿ ನೋಡಿದರು.

"ಆತು. ಸ್ನಾನಾ ಮಾಡಿ ಬರ್ರಿ. ಆದ್ರ ಕೂಸಿನ್ನ ಎಡಕ್ಕ ಹಿಡೀರಿ. ಆ ಕೆಟ್ಟ ಗಲ್ಲಕ್ಕ ತಾಗಿಸಿದ್ರ ನೋಡ್ರಿ ಮತ್ತ!"

ಮಣೆಯ ಮೇಲೆ ಕುಳಿತೆ. ಮಗಳು ತೊಡೆಗೆ ಬಂದಳು. ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದಾಗ ಅವಳ ಕೆನ್ನೆ ನನ್ನ ಎಡಗೆನ್ನೆಗೆ ತಾಗಿತು. ಅವಳು ಅಳಲಿಲ್ಲ. ನಾನು ಅತ್ತೆ.

ಫಕೀರಪ್ಪಾ, ನೀನು ಈ ಅಂಕಣ ಓದುವುದಿಲ್ಲ, ಗೊತ್ತು. ಆದರೂ ಎಲ್ಲರೆದುರು ಹೇಳುತ್ತೇನೆ. ನಿನ್ನ ಉಪಕಾರ ಮರೆಯುವವನಲ್ಲ ನಾನು. ಅಂದು ಸಿಟ್ಟು ಬಂದಿದ್ದರೂ ಅಜ್ಜಿಗೂ ಕೈ ಮುಗಿಯುತ್ತೇನೆ. ನನ್ನ ಮಗಳ ಬಾಗಿಲನ್ನು ಅಷ್ಟು ಬಿಗಿಯಾಗಿ ಕಾದವರು ಬೇರೆ ಯಾರಿದ್ದಾರೆ?

ಊಟವಾದ ಮೇಲೆ ಫಕೀರಪ್ಪನನ್ನು ಕೇಳಿದೆ, "ಇನ್ನ ಮ್ಯಾಲೆ ಯಾವ ಲೋಷನ್ ತರಲಪ್ಪಾ?" ಅವನು ಎಲೆ ಅಡಿಕೆ ಬಾಯಿಗಿಡುತ್ತ, "ನಿಮ್ಮ ಮನ್ಯಾಗ ಸ್ಟೋವ್ ಐತಿಲ್ರಿ?" ಅಂದ. ಬಿಸಿನೀರಿಗೆ ಪತ್ರಿಕೆಯಲ್ಲಿ ಜಾಹೀರಾತು ಕೊಡುವವರಿಲ್ಲ, ಕಾಯುವುದನ್ನು ಬಾಟಲಿಗೆ ತುಂಬಿ ಮಾರುವವರೂ ಇಲ್ಲ. ಅದಕ್ಕೇ ಅವೆರಡನ್ನೂ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ಲವೆ?

ಈಗ ಪ್ರತಿ ರವಿವಾರ ನೀರು ಕಾಯಿಸಿ, ನಿಧಾನಕ್ಕೆ ಗಡ್ಡ ತೆಗೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋಗುತ್ತೇನೆ. ಪ್ರತಿ ಸಲವೂ ಬಾಗಿಲಲ್ಲೇ ಅಜ್ಜಿಯ ತಪಾಸಣೆ. ಮೊನ್ನೆ ಬಲಗೆನ್ನೆಯನ್ನೂ ಕೈಯ ಹಿಂಭಾಗದಿಂದ ಸವರಿ ನೋಡಿದರು. ಒಳಗೆ ಹೋಗಿ ಕೂಸನ್ನು ತಂದು, ನನ್ನ ಬಲ ಹೆಗಲಿಗೆ ಒರಗಿಸಿದರು.

ಬಿ.ಎ., ಬಿ.ಎಡ್. ಎಲ್ಲ ಪಾಸಾಗಿದ್ದೇನೆ, ಆದರೆ ಯಾವ ರಿಸಲ್ಟಿಗೂ ನಾನು ಇಷ್ಟು ಹಿಗ್ಗಿರಲಿಲ್ಲ.