ನೀರು ಕಾಣದ ನಲವತ್ತು ಹುಣಸೆ

ಐಹೊಳೆಯ ಆಚೆ, ಗುಡ್ಡದ ಇಳಿಜಾರಿನಲ್ಲಿ ಸಿದ್ದಲಿಂಗವ್ವನ ಎರಡು ಎಕರೆ ಮಸಾರಿ ಹೊಲವಿದೆ. ಮಸಾರಿಯೆಂದರೆ ಕೆಂಪು ಮಣ್ಣು; ಇಲ್ಲಿ ಅದೂ ಕಡಿಮೆ, ಹರಳುಕಲ್ಲೇ ಹೆಚ್ಚು. ಗಂಡ ತೀರಿದ ಮೇಲೆ ಅದು ಅವಳ ಹೆಸರಿಗಾಯಿತು. ಪಕ್ಕದ ಹೊಲ ಭಾವ ಬಸಯ್ಯನದು. ಅದನ್ನು ಜಲ್ಲಿ ಒಡೆಯುವ ಕ್ರಷರಿನವರು ಕೇಳಿದ್ದರು, ಆದರೆ ಲಾರಿ ತಿರುಗಲು ಅವಳ ಹೊಲವೂ ಸೇರಬೇಕಿತ್ತು. ಬೇಕಾದದ್ದು ಅವಳದೊಂದು ಸಹಿ.

"ಈ ಕಲ್ಲಿನಾಗ ಏನ್ ಬೆಳೀತಿ ಸಿದ್ದವ್ವಾ?"

"ಹುಣಸಿ ಹಚ್ಚತೇನ್ರಿ ಭಾವಾರ."

"ನೀರು?"

"ಇಲ್ರಿ."

ಬಸಯ್ಯ ನಕ್ಕ. ನಗಲು ಅವನಿಗೆ ಕಾರಣವೂ ಇತ್ತು. ಹಿಂದಿನ ವರ್ಷವೂ ಅವಳು ಹುಣಸೆ ಸಸಿ ನೆಟ್ಟು ಸೋತಿದ್ದಳು. ಹುನಗುಂದದ ಕಡೆಯ ಕಪ್ಪು ಎರೆಮಣ್ಣೆಂದರೆ ಮಸಾರಿಯವರಿಗೆ ಬಂಗಾರ. ಟ್ರ್ಯಾಕ್ಟರಿನ ಲಾಡಸಾಬನಿಗೆ ಹೇಳಿ ಅದನ್ನೇ ತರಿಸಿ, ನಲವತ್ತು ಗುಂಡಿಗಳಿಗೂ ಬರೀ ಎರೆಯನ್ನೇ ತುಂಬಿದ್ದಳು. ಮಳೆಗಾಲದಲ್ಲಿ ಸಸಿಗಳು ಮಿರಮಿರ ಮಿಂಚಿದವು. ಬಿಸಿಲು ಏರಿದಂತೆ ಎರೆ ಬಿರಿಯಿತು. ಮುಷ್ಟಿ ಇಳಿಯುವಷ್ಟು ಅಗಲದ ಬಿರುಕಿನಲ್ಲಿ ಎಳೆ ಬೇರುಗಳು ಹರಿದ ದಾರದಂತೆ ಜೋತಾಡುತ್ತಿದ್ದವು. ಒಂದೂ ಉಳಿಯಲಿಲ್ಲ.

"ನಾ ತಂದ ಮಣ್ಣ ಅಕ್ಕಾರ, ನನಗ ಬೈರಿ" ಎಂದಿದ್ದ ಲಾಡಸಾಬ.

"ಮಣ್ಣಿಂದೇನ್ ತಪ್ಪೋ? ಬರೇ ತುಪ್ಪಾನ ಉಂಡ್ರ ಯಾರ ಹೊಟ್ಟಿ ತಡೀತೈತಿ?"

ಈ ಸಲ ಗುಂಡಿಗೆ ಅದೇ ಹೊಲದ ಮಸಾರಿಯೇ ಬಿತ್ತು. ನಾಲ್ಕು ಬುಟ್ಟಿ ಮಸಾರಿಗೆ ಒಂದು ಬುಟ್ಟಿ ಎರೆ. ತೊಗರಿ ಕಟ್ಟಿಗೆಯನ್ನು ಕುಣಿಯಲ್ಲಿ ಸುಟ್ಟು, ಬೂದಿಯಾಗುವ ಮೊದಲೇ ಮಣ್ಣು ಮುಚ್ಚಿ, ಆ ಇದ್ದಿಲನ್ನು ಕುಟ್ಟಿ ಹದಿನೈದು ದಿನ ದನದ ಗಂಜಲದಲ್ಲಿ ನೆನೆಹಾಕಿದಳು. ಅದನ್ನೂ ಹಳೆಯ ಕುರಿಹಿಕ್ಕೆಯನ್ನೂ ಗುಂಡಿಯ ಮಣ್ಣಿಗೆ ಬೆರೆಸಿದಳು. ಇದ್ದಿಲು ಮಳೆ ನೀರನ್ನು ಹಿಡಿದಿಟ್ಟು ಸಸಿಗೆ ತಡವಾಗಿ ಕೊಡುತ್ತದೆ ಎಂಬುದು ಅವಳ ಲೆಕ್ಕ. ಮಳೆ ಬಿದ್ದಾಗ ನಲವತ್ತು ಸಸಿ ನೆಟ್ಟು, ತೇವ ಆರದಂತೆ ಬುಡಕ್ಕೆ ಹೊಲದ ಕಲ್ಲುಗಳನ್ನೇ ಹೊದಿಸಿದಳು.

ಬಸಯ್ಯ ಕಟ್ಟೆಯ ಮೇಲೆ ನಾಲ್ಕು ಜನರೆದುರು ಸಾರಿದ: "ಬರೂ ಮುಂಗಾರಿಗೆ ಮೂವತ್ತು ಉಳಿದ್ರ ನಾ ಬಾಯಿ ಮುಚ್ಚತೇನಿ. ಇಲ್ಲಾಂದ್ರ ಆಕಿ ಸಹಿ ಹಾಕಬೇಕು." ಸಿದ್ದಲಿಂಗವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬುಟ್ಟಿ ಎತ್ತಿಕೊಂಡು ನಡೆದಳು.

ವೈಶಾಖದಲ್ಲಿ ಎಲೆಗಳೆಲ್ಲ ಉದುರಿದವು. ಒಂದು ಮಧ್ಯಾಹ್ನ ಲಾಡಸಾಬ ಟ್ರ್ಯಾಕ್ಟರಿನ ಹಿಂದೆ ನೀರಿನ ಟ್ಯಾಂಕರ್ ಕಟ್ಟಿಕೊಂಡು ಬಂದ.

"ಒಂದೊಂದ ಕೊಡಾ ಹಾಕೂಣ್ರಿ ಅಕ್ಕಾರ. ಯಾರಿಗೂ ಗೊತ್ತಾಗೂದಿಲ್ಲ."

ಅವಳು ಗಾಲಿಗೆ ಅಡ್ಡ ನಿಂತಳು. "ಹುಣಸಿಗೆ ಗೊತ್ತಾಗ್ತೈತಿ. ಇವತ್ತ ಕುಡಿಸಿದ್ರ ಬೇರು ಮ್ಯಾಲೇ ಕುಂತು ನಾಳಿ ನಿನ್ನ ಟ್ಯಾಂಕರಿನ ದಾರಿ ಕಾಯ್ತೈತಿ. ಅದು ಕೆಳಗ ಹೋಗಬೇಕೋ. ತಿರುಗಿಸು ಗಾಡಿ."

"ಕಲ್ಲ ಕರಗೀತು, ನೀವು ಕರಗೂದಿಲ್ಲ ಬಿಡ್ರಿ" ಎಂದು ಗೊಣಗುತ್ತ ಅವನು ತಿರುಗಿಸಿದ. ಗಾಡಿ ಕಣ್ಮರೆಯಾದ ಮೇಲೆ ಅವಳು ಬೋಳು ಸಸಿಯೊಂದರ ಹತ್ತಿರ ಕುಳಿತು ಅದಕ್ಕೆ ಸೆರಗಿನ ನೆರಳು ಹಿಡಿದಳು. ಬಿಸಿಲು ಇಳಿಯುವವರೆಗೆ ಏಳಲಿಲ್ಲ.

ಮುಂಗಾರಿನ ಮೊದಲ ಹನಿಗಳು ಬಿದ್ದ ವಾರಕ್ಕೆ ಬಸಯ್ಯ ಕಾಗದ ಹಿಡಿದು ಎಣಿಸಲು ಬಂದ. ಅವಳು ಒಂದೊಂದೇ ಕಾಂಡವನ್ನು ಉಗುರಿನಿಂದ ಕೆರೆದು ತೋರಿಸಿದಳು. ಒಳಗೆ ಹಸಿರು ಕಂಡರೆ ಜೀವ, ಕಂದು ಕಂಡರೆ ಇಲ್ಲ. ಇಪ್ಪತ್ತಾರು ಹಸಿರು.

"ನಾಕು ಕಮ್ಮಿ ಬಿತ್ತು" ಎಂದ ಬಸಯ್ಯ, ಪೆನ್ನು ಚಾಚಿ.

"ಮೂವತ್ತು ನಿಮ್ಮ ಲೆಕ್ಕ ಭಾವಾರ. ನಾ ಯಾವಾಗ ಒಪ್ಪೇನಿ? ಹ್ವಾದ ವರ್ಷ ಒಂದೂ ಇದ್ದಿಲ್ಲ, ಈ ವರ್ಷ ಇಪ್ಪತ್ತಾರು. ಕ್ರಷರಿನವರಿಗೆ ಬ್ಯಾರೆ ಗುಡ್ಡಾ ಹುಡುಕಾಕ ಹೇಳ್ರಿ. ನನ್ನ ಸಹಿ ಸಿಗೂದಿಲ್ಲ."

ಅವಳು ಹಾರೆ ಎತ್ತಿ, ಸಸಿ ಸತ್ತ ಮೊದಲ ಗುಂಡಿಯನ್ನು ಮತ್ತೆ ಅಗೆಯತೊಡಗಿದಳು.  ಬಸಯ್ಯ ಕಾಗದ ಮಡಚಿ ಅಂಗಿಯ ಕಿಸೆಗೆ ಇಳಿಸಿದ. ಆಮೇಲೆ ಹಸಿರಾಗಿದ್ದ ಕಾಂಡವೊಂದನ್ನು ತಾನೇ ಉಗುರಿನಿಂದ ಕೆರೆದು ನೋಡಿದ.

"ಇದ್ದಲಿ ಎಷ್ಟ ಹಾಕಿದ್ದಿ?"

"ಬದಿಗೆ ನಿಂತು ಕೇಳಿದ್ರ ಹೇಳೂದಿಲ್ಲ" ಎಂದಳು ಸಿದ್ದಲಿಂಗವ್ವ, ತಲೆ ಎತ್ತದೆ. "ಅಲ್ಲೈತಿ ನೋಡ್ರಿ ಬುಟ್ಟಿ. ಮೊದಲ ಈ ಮಣ್ಣ ಹೊರ್ರಿ."