ಚಿಕ್ಕಪ್ಪ ಮಾಡಿದ ದೊರೆಯ ವಾಚು

ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜುವಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಮೊನ್ನೆ ನನ್ನ ಹೆಂಡತಿ ದೀಪ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ದೇವರು ನೆನಪಾಗಲಿಲ್ಲ, ಚಿಕ್ಕಪ್ಪ ಮಾಡಿದ ವಾಚು ನೆನಪಾಯಿತು. ಇಷ್ಟು ಮುದುಕನಾದರೂ ಆ ವಾಚಿನ ಮಾತು ಬಂದರೆ ನನ್ನ ತಲೆ ಗೊಂದಲದ ಗೂಡಾಗುತ್ತಿತ್ತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಹತ್ತಿರ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ಅಜ್ಜ ಆಳುಗಳ ಮೇಸ್ತ್ರಿ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವ ಮಸ್ಟರಿನ ಹೊತ್ತಿಗೆ ದೊರೆ ಮೇಜಿನ ಹಿಂದೆ ಕೂರುತ್ತಿದ್ದ. ಅಜ್ಜ ಈಚೆ ಕಡೆ ಕೈಕಟ್ಟಿ ನಿಂತು, ಯಾವ ಆಳು ಯಾವ ತೋಟಕ್ಕೆ ಎಂದು ಒಪ್ಪಿಸುತ್ತಿದ್ದರು. ಬಾಯಿ ಒಪ್ಪಿಸುತ್ತಿದ್ದರೂ ಕಣ್ಣು ದೊರೆಯ ಮಣಿಕಟ್ಟಿನ ಮೇಲೆ. ಅಲ್ಲಿ ಚಿನ್ನದ ವಾಚು: ಬಿಳಿ ಮುಖ, ಅಂಕಿಗಳ ಬದಲು ಸಣ್ಣ ಗೀಟುಗಳು, ಇಂಗ್ಲಿಷಿನಲ್ಲಿ ಕಂಪನಿಯ ಹೆಸರು. ಮನೆಗೆ ಬಂದು ಅದನ್ನು ವರ್ಣಿಸುತ್ತ ಕುಡಿಯುವ ಕಾಫಿಯನ್ನೇ ಮರೆಯುತ್ತಿದ್ದರು. ಒಂದು ಸಲವಾದರೂ ಅದನ್ನು ಕಟ್ಟಿ ನೋಡುವ ಆಸೆ ಅವರಿಗೆ. ನೋಡದೆಯೇ ತೀರಿಕೊಂಡರು.

ತೀರಿಹೋದ ಹಿರಿಯರಿಗೆ ನಾವು ವರ್ಷಕ್ಕೊಮ್ಮೆ ಬಡಿಸುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಹಾಕಿ, ಪಕ್ಕದಲ್ಲಿ ಒಂದು ಲೋಟ ಸಾರಾಯಿ ಇಟ್ಟು, ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಅಜ್ಜನಿಗೆ ಮೊದಲ ಸಲ ಬಡಿಸುವ ದಿನ ಹತ್ತಿರ ಬಂದಾಗ ಅಜ್ಜಿ ಹಟ ಹಿಡಿದರು. ಎಲೆಯ ಪಕ್ಕ ಆ ವಾಚೂ ಇರಬೇಕು, ಇಲ್ಲದಿದ್ದರೆ ಅವರು ಅರೆಹೊಟ್ಟೆಯಲ್ಲಿ ಎದ್ದುಹೋಗುತ್ತಾರೆ. ಅಜ್ಜಿ ಅದನ್ನು ನಿಜವಾಗಿ ನಂಬಿದ್ದರು. ಆ ದುಃಖಕ್ಕೆ ಎರಡು ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಹಾಗೆಂದು ದೊರೆಯ ಹತ್ತಿರ ಕೇಳುವುದುಂಟೇ?

ಕೊನೆಗೆ ಚಿಕ್ಕಪ್ಪನೇ ವಾಚು ಮಾಡಲು ಕೂತರು. ಅವರೂ ಮಸ್ಟರಿನಲ್ಲಿ ಅಜ್ಜನ ಹಿಂದೆ ನಿಲ್ಲುತ್ತಿದ್ದವರೇ. ಕೋವಿಯ ಖಾಲಿ ತೋಟೆಯ ಹಿತ್ತಾಳೆ ಬುಡವನ್ನು ಕತ್ತರಿಸಿದರು. ತಗಡಿಗೆ ಬಿಳಿ ಬಣ್ಣ ಬಳಿದು, ಕಂಡ ಹಾಗೆಯೇ ಗೀಟು, ಹೆಸರು ಬರೆದು ಮುಖ ಮಾಡಿದರು, ಬದಿಗೆ ತಿರುಪು ಕೂರಿಸಿದರು, ಹೊಲಿಗೆ ಸೂಜಿ ಮುರಿದು ಮುಳ್ಳು ಮಾಡಿದರು. ಒಡೆದ ಕನ್ನಡಕದ ಗಾಜನ್ನು ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿ ಮೇಲೆ ಕೂರಿಸಿದರು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಚಿನ್ನವೇ. ವಾಚು ನಡೆಯುತ್ತಿರಲಿಲ್ಲ, ಅದು ಬೇರೆ ಮಾತು. ಸತ್ತವರಿಗೆ ಗಂಟೆ ಎಷ್ಟಾದರೇನು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು.

ಎಬಿಸಿಡಿ ಕಲಿತ ಹೊಸತು, ಅಕ್ಷರ ತಲೆಕೆಳಗಾಗಿರುವುದು ಕಂಡು ನಾನು ಮೂಗು ತೂರಿಸಿದೆ. "ಚಿಕ್ಕಪ್ಪ, ಹೆಸ್ರು ತಲೆಕೆಳಗೆ ಉಟ್ಟು. ಕೀ ಕೊಡೋ ತಿರುಪೂ ಎಡಗಡೆ ಉಟ್ಟು."

ಚಿಕ್ಕಪ್ಪನಿಗೆ ಇಂಗ್ಲಿಷ್ ಬಾರದು. "ದೊರೆ ಕೈಲಿ ಹಿಂಗೇ ಇದ್ದದ್ದ್. ನಾ ದಿನಾ ನೋಡ್ದವ," ಎಂದರು.

ನಾನು ವಾಚನ್ನು ತಿರುಗಿಸಿ ಹಿಡಿದೆ. ಹೆಸರು ನೆಟ್ಟಗಾಯಿತು, ತಿರುಪು ಬಲಕ್ಕೆ ಬಂತು. ಚಿಕ್ಕಪ್ಪ ಅದನ್ನು ಕಿತ್ತುಕೊಂಡು ಮತ್ತೆ ತಿರುಗಿಸಿದರು. ಯಾರು ಸರಿ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬಡಿಸುವ ದಿನ ಈ ತಕರಾರು ಎಲೆಯ ತನಕ ಬಂತು. ಅಜ್ಜ ಕೂರಬೇಕಾದ ಮಣೆಯ ಎದುರು ಚಿಕ್ಕಪ್ಪ ವಾಚನ್ನು ತಲೆಕೆಳಗಾಗಿಯೇ ಇಟ್ಟರು. "ಅಪ್ಪ ಕಂಡದ್ದ್ ಹಿಂಗೆ. ಬೇರೆ ಥರ ಇಟ್ರೆ ಗುರ್ತ ಹೆಂಗೆ ಸಿಕ್ಕುದು?"

ಅಜ್ಜಿ ಬಗ್ಗಿ ಅದನ್ನು ತಿರುಗಿಸಿದರು. "ಬದ್ಕಿರ್ಕನ ದೊರೆ ಎದುರ್ ನಿಂತೇ ಕಾಲ ಹೋತ್. ಇಂದಾದ್ರೂ ಆ ಕಡೆ ಕೂತ್ಕಂಡ್ ನೋಡ್ಲಿ."

ಚಿಕ್ಕಪ್ಪ ಎಲೆಗೆ ಕೈಮುಗಿದು ಎದ್ದರು. ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತಾಗ ಅವರ ಕಣ್ಣು ಒದ್ದೆಯಾಗಿತ್ತು. ನನಗೋ, ಅಜ್ಜ ಗುರುತು ಹಿಡಿದರೋ ಇಲ್ಲವೋ ಎಂಬ ಚಿಂತೆ. ಬಾಗಿಲು ತೆಗೆದಾಗ ವಾಚು ಇಟ್ಟಲ್ಲೇ ಇತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಅಜ್ಜಿ ಮಾತ್ರ ಅಂದು ಹೊಟ್ಟೆತುಂಬ ಉಂಡರು.

ಈಗ ಅವರೆಲ್ಲರಿಗೂ ಬಡಿಸುವ ಸರದಿ ನನ್ನದು. ಒಂದು ವರ್ಷ ಅಜ್ಜಿ ಹೇಳಿದಂತೆ, ಮರುವರ್ಷ ಚಿಕ್ಕಪ್ಪ ಹೇಳಿದಂತೆ ವಾಚಿಟ್ಟು ಇಬ್ಬರನ್ನೂ ಸಂಭಾಳಿಸುತ್ತ ಬಂದಿದ್ದೆ. ಈ ಸಲ ಏನು ತೋಚಿತೋ, ಮಣೆ ಹಾಕಲಿಲ್ಲ. ಮೇಜು ಎಳೆದು ತಂದು, ಅದರ ಹಿಂದೆ ಮನೆಯ ಒಳ್ಳೆಯ ಕುರ್ಚಿ ಇಟ್ಟು, ಎಲೆಯನ್ನು ಮೇಜಿನ ಮೇಲೇ ಹಾಸಿದೆ. ವಾಚಿನ ಮೇಲಿನ ಹೆಸರು ಕುರ್ಚಿಯಲ್ಲಿ ಕೂತವರಿಗೆ ನೆಟ್ಟಗೆ ಕಾಣಬೇಕು, ಹಾಗೆ ಇಟ್ಟೆ.

"ಇದೆಂತ ಹೊಸ ಪದ್ಧತಿ?" ಎಂದಳು ಹೆಂಡತಿ.

ಬಾಗಿಲು ಮುಚ್ಚುವ ಮೊದಲು ಮೇಜಿನ ಈಚೆ, ಮಸ್ಟರಿನಲ್ಲಿ ಅಜ್ಜ, ಚಿಕ್ಕಪ್ಪ ನಿಲ್ಲುತ್ತಿದ್ದ ಕಡೆ, ಬಂದು ನಿಂತೆ. ಎದುರು ಖಾಲಿ ಕುರ್ಚಿ. ನಾನು ನಿಂತಲ್ಲಿಂದ ಅಕ್ಷರಗಳು ತಲೆಕೆಳಗಾಗಿ, ತಿರುಪು ಎಡಕ್ಕೆ ಕಾಣುತ್ತಿತ್ತು. ಚಿಕ್ಕಪ್ಪ ಒಂದು ಗೀಟನ್ನೂ ತಪ್ಪಾಗಿ ಬರೆದಿರಲಿಲ್ಲ. ಅಳು ಬಂತು. ಕುರ್ಚಿಗೆ ಬೆನ್ನು ಹಾಕಲು ಮನಸ್ಸಾಗದೆ ಹಿಂದಕ್ಕೇ ಹೆಜ್ಜೆಯಿಟ್ಟು ಹೊರಗೆ ಬಂದೆ.